ಸುಲ್ಮಾ ಲಿಫ್ಟನ್ನು ಐದನೆಯ ಮಹಡಿ ದಾಟಿಸಿದ್ದು

ನಮ್ಮ ಬ್ವೆನೊಸ್ ಐರಿಸ್‌ನಲ್ಲಿ ಯಾರಿಗಾದರೂ ಮನಸ್ಸಿನ ಡಾಕ್ಟರು ಇಲ್ಲವೆಂದರೆ ಅವರಿಗೆ ಏನೋ ಕಾಯಿಲೆ ಇರಬೇಕು ಎಂದೇ ಲೆಕ್ಕ. ಹಲ್ಲಿನ ಡಾಕ್ಟರ ಹತ್ತಿರ ಹೋಗಲು ಹೆದರುವವರು ಉಂಟು, ಇವರ ಹತ್ತಿರ ಹೋಗಲು ಯಾರೂ ಹೆದರುವುದಿಲ್ಲ. ಮಾಂಸದಂಗಡಿಯ ಸಾಲಿನಲ್ಲಿ ನಿಂತ ಹೆಂಗಸು "ನಮ್ಮ ಡಾಕ್ಟ್ರು ಹೇಳಿದ್ರು, ನಂಗೆ ನಮ್ಮಮ್ಮನ ಮೇಲೆ ಒಳಗೊಳಗೇ ಸಿಟ್ಟಂತೆ" ಎಂದರೆ, ತಕ್ಕಡಿ ಹಿಡಿದವನು "ನಂಗೂ ಅದೇ ಅಂದ್ರು, ಅರ್ಧ ಕಿಲೋ ಸಾಕಾ?" ಎನ್ನುತ್ತಾನೆ. ಇಂಥ ಊರಿನಲ್ಲಿ, ಲಿಫ್ಟು ರಿಪೇರಿಯವರ ಮನೆಯಲ್ಲಿ ಹುಟ್ಟಿ, ಎಂಜಿನಿಯರಿಂಗ್ ಓದಬೇಕೋ ಮನಶ್ಶಾಸ್ತ್ರ ಓದಬೇಕೋ ಎಂದು ಒಂದು ಬೇಸಿಗೆಯಿಡೀ ಮನೆಯವರ ನಿದ್ದೆ ಕೆಡಿಸಿದವಳು ಸುಲ್ಮಾ ಗಾಂದೊಲ್ಫೊ.

ಅವಳ ಅಪ್ಪ ಅತೀಲಿಯೊ ಲಿಫ್ಟಿನ ಮೇಸ್ತ್ರಿ. ಆಗಿನ ಲಿಫ್ಟುಗಳೆಂದರೆ ಸುತ್ತ ಕಬ್ಬಿಣದ ಜಾಲರಿ, ಮಡಚುವ ಬಾಗಿಲು, ಒಳಗೊಂದು ಮಂಕು ಕನ್ನಡಿ. ಒಳಗಿರುವವರು ಹೊರಗಿನವರಿಗೆ ಕಾಣುತ್ತಾರೆ, ಅವರ ಮಾತೂ ಕೇಳಿಸುತ್ತದೆ. ಅದು ಎರಡು ಮಹಡಿಗಳ ನಡುವೆ ನಿಂತುಹೋದರೆ ಅತೀಲಿಯೊ ತಾರಸಿಯ ಮೇಲಿನ ಯಂತ್ರದ ಕೋಣೆಗೆ ಹತ್ತಬೇಕು. ಮೊದಲು ಕರೆಂಟು ತೆಗೆಯಬೇಕು, ಆಮೇಲೆ ಒಂದು ಕೈಯಲ್ಲಿ ಹಿಡಿ ಒತ್ತಿ ಬ್ರೇಕು ಸಡಿಲಿಸಿ ಇನ್ನೊಂದು ಕೈಯಲ್ಲಿ ದೊಡ್ಡ ಚಕ್ರ ತಿರುಗಿಸುತ್ತ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ನಿಲ್ಲಿಸಬೇಕು. ಯಾವ ಮಹಡಿ ಬಂತೆಂದು ಮೇಲಿದ್ದವನಿಗೆ ತಿಳಿಯಲಿ ಎಂದು ಉಕ್ಕಿನ ಹಗ್ಗದ ಮೇಲೆ ಬಿಳಿ ಬಣ್ಣದ ಗೆರೆಗಳಿರುತ್ತವೆ. ನಾಲ್ಕನೆಯ ಮಹಡಿಗೆ ನಾಲ್ಕು ಗೆರೆ, ಐದನೆಯದಕ್ಕೆ ಐದು.

ಈ ಕೆಲಸಕ್ಕೆ ಇಬ್ಬರು ಬೇಕು. ಒಳಗೆ ಸಿಕ್ಕಿಕೊಂಡವರ ಬಾಯಿ ನಿಲ್ಲಬಾರದು ಎನ್ನುವುದು ಅತೀಲಿಯೊನ ಕಟ್ಟಪ್ಪಣೆ. ಬಾಯಿ ನಿಂತರೆ ಕೈ ಶುರುವಾಗುತ್ತದೆ. ಬಾಗಿಲು ಎಳೆಯುತ್ತಾರೆ, ಸಂದಿಯಲ್ಲಿ ನುಸುಳಿ ಹಾರಲು ನೋಡುತ್ತಾರೆ, ಅನಾಹುತ ಆಗುವುದು ಅಲ್ಲೇ. ಅದಕ್ಕೆ ಒಬ್ಬರು ಹತ್ತಿರದ ಮಹಡಿಯಲ್ಲಿ ಲಿಫ್ಟಿನ ಬಾಗಿಲ ಬಳಿ ಕೂತು ಅವರನ್ನು ಮಾತಾಡಿಸುತ್ತಿರಬೇಕು. ಮೊದಮೊದಲು ಹೆಂಡತಿ ನೆಲಿದಾ ಜೊತೆಗೆ ಹೋಗುತ್ತಿದ್ದಳು. ಆದರೆ ನೆಲಿದಾ ಮಾತಾಡಿಸುವ ಹೆಂಗಸಲ್ಲ, ಮಾತಾಡುವ ಹೆಂಗಸು. ಒಳಗಿದ್ದವರು ಅವಳಿಂದ ತಪ್ಪಿಸಿಕೊಳ್ಳಲಿಕ್ಕೇ ಇನ್ನಷ್ಟು ಒದ್ದಾಡುತ್ತಿದ್ದರು. ಕೊನೆಗೆ ಶಾಲೆಯ ಬಿಳಿ ನಿಲುವಂಗಿಯಲ್ಲೇ, ಕೈಯಲ್ಲೊಂದು ಮಡಚುವ ಸ್ಟೂಲು ಹಿಡಿದು, ಸುಲ್ಮಾ ಅಪ್ಪನ ಹಿಂದೆ ಹೊರಟಳು.

ಅವಳು ಹೆಚ್ಚೇನೂ ಹೇಳುತ್ತಿರಲಿಲ್ಲ. ಸ್ಟೂಲು ಹಾಕಿ, ಮೊಣಕೈ ಮೊಣಕಾಲಿಗೆ ಊರಿ, "ಹೂಂ, ಆಮೇಲೆ?" ಎನ್ನುತ್ತಿದ್ದಳು ಅಷ್ಟೆ. ಆ ಎರಡು ಮಾತಿಗೆ ಜನ ಕರಗಿ ನೀರಾಗುತ್ತಿದ್ದರು. ಅಂಗಿಗುಂಡಿ ವ್ಯಾಪಾರದ ಸಾಹುಕಾರನೊಬ್ಬ ತನಗೆ ತನ್ನ ಹೆಂಡತಿಗಿಂತ ಅವಳ ನಾಯಿಯೇ ಇಷ್ಟ ಎಂದು ಅತ್ತಿದ್ದ. ನಾಳೆ ಮದುವೆಯೆನ್ನುವ ಹುಡುಗಿಯೊಬ್ಬಳು ಲಿಫ್ಟು ಮಹಡಿಗೆ ಬಂದು ಬಾಗಿಲು ತೆರೆದರೂ ಹೊರಗೆ ಬಾರದೆ, "ಇನ್ನು ಸ್ವಲ್ಪ ಇರ್ತೀನಿ" ಎಂದಿದ್ದಳು. ಮನಸ್ಸಿನ ಡಾಕ್ಟರ ಹತ್ತಿರ ಹೊರಟವನೊಬ್ಬ ನಡುವೆ ಸಿಕ್ಕಿಬಿದ್ದು, ಇದ್ದದ್ದೆಲ್ಲ ಸುಲ್ಮಾಳ ಮುಂದೆ ಹೇಳಿಕೊಂಡು, ಹೊರಗೆ ಬರುವಷ್ಟರಲ್ಲಿ ಡಾಕ್ಟರ ಹೊತ್ತು ಮುಗಿದಿದ್ದರಿಂದ ಸಿಳ್ಳೆ ಹಾಕುತ್ತ ಮನೆಗೆ ಹೋದ. ಅವನು ಬರದೆ ಇದ್ದದ್ದಕ್ಕೆ ಆಳವಾದ ಕಾರಣ ಇದೆ ಎಂದು ಡಾಕ್ಟರು ಆಮೇಲೆ ತಿಂಗಳುಗಟ್ಟಲೆ ಅಗೆದರಂತೆ.

ನಿಜ ಸಂಗತಿ ಬೇರೆಯೇ ಇತ್ತು. ಜನ ತಮ್ಮ ಸಂಸಾರದ ಗೋಳು ಹೇಳಿಕೊಳ್ಳುತ್ತಿರುವಾಗ ಸುಲ್ಮಾಳ ಕಿವಿ ಮೇಲಿನ ಹಗ್ಗದ ಕಡೆಗೆ ಇರುತ್ತಿತ್ತು. ರಾಟೆ ಕಿರುಗುಟ್ಟಿತೇ, ಹಗ್ಗ ಜಾರಿತೇ, ಅಪ್ಪ ಈಗ ಯಾವ ಕಡೆಗೆ ತಿರುಗಿಸುತ್ತಿದ್ದಾನೆ, ಇದೇ ಅವಳ ಧ್ಯಾನ. "ಹೂಂ, ಆಮೇಲೆ?" ಎನ್ನುತ್ತಿದ್ದದ್ದು ಬಾಯಿ ಮಾತ್ರ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಊರೆಲ್ಲ ಎಷ್ಟು ಒಳ್ಳೆಯ ಕಿವಿ ಎಂದು ಹೊಗಳುತ್ತಿರುವಾಗ ಆ ಕಿವಿ ಬೇರೆಲ್ಲೋ ಇತ್ತು ಎಂದು ಹೇಳಲು ಯಾರಿಗೆ ಮನಸ್ಸು ಬರುತ್ತದೆ.

ಒಂದೇ ಒಂದು ದೂರಿತ್ತು. ಮೇಸ್ತ್ರಿ ಬಹಳ ನಿಧಾನ. ಬೇರೆ ಮೇಸ್ತ್ರಿಗಳು ಒಂದು ಸಿಗರೇಟು ಮುಗಿಯುವುದರೊಳಗೆ ಇಳಿಸುವ ಲಿಫ್ಟನ್ನು ಅತೀಲಿಯೊ ಇಳಿಸುವಷ್ಟರಲ್ಲಿ ಒಳಗಿದ್ದವರಿಗೆ ಗಡ್ಡ ಬೆಳೆಯುತ್ತದೆ ಎಂದು ಕಟ್ಟಡಗಳ ಕಾವಲುಗಾರರು ಆಡಿಕೊಳ್ಳುತ್ತಿದ್ದರು. ಮೊಣಕಾಲು ನೋವು ಎನ್ನುತ್ತಿದ್ದ ಅತೀಲಿಯೊ. ಚಕ್ರ ತಿರುಗಿಸುವುದು ಕೈಯಲ್ಲಿ, ಮೊಣಕಾಲಿಗೂ ಅದಕ್ಕೂ ಏನು ಸಂಬಂಧ ಎಂದು ನೆಲಿದಾ ಕೇಳಿದರೆ ರೇಡಿಯೊ ಗಟ್ಟಿ ಮಾಡುತ್ತಿದ್ದ.

ನೆಲಿದಾ ವೀಶಾ ಕ್ರೆಸ್ಪೊ ಬಡಾವಣೆಯ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೆಂಗಸರ ಪಾರ್ಲರು ನಡೆಸುತ್ತಿದ್ದಳು. ಸೈನ್ಯದ ಆಳ್ವಿಕೆ ಹೋಗಿ ಮತ್ತೆ ಚುನಾವಣೆ ಬಂದು, ವಿಶ್ವವಿದ್ಯಾಲಯದ ಬಾಗಿಲು ಎಲ್ಲರಿಗೂ ತೆರೆದಿದ್ದ ಕಾಲ ಅದು. ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳಲು ಬಂದವರ ಮಕ್ಕಳೆಲ್ಲ ಮನಶ್ಶಾಸ್ತ್ರಕ್ಕೆ ಮುಗಿಬೀಳುತ್ತಿದ್ದರು. ನೆಲಿದಾಗೆ ಇನ್ನು ಕಾಯುವ ಸಹನೆ ಇರಲಿಲ್ಲ. ಮಗಳು ಇನ್ನೂ ಪ್ರೌಢಶಾಲೆ ಮುಗಿಸಿರಲಿಲ್ಲ, ಅಷ್ಟರಲ್ಲೇ ಯಾರೋ ಮನಸ್ಸಿನ ಡಾಕ್ಟರು ಜನರನ್ನು ಮಲಗಿಸಿ ಮಾತಾಡಿಸುತ್ತಿದ್ದ ಹಳೆಯ ದಿವಾನ ಒಂದನ್ನು ಕೊಂಡು ತಂದು, ಹೊಸ ಹಸಿರು ಬಟ್ಟೆ ಹೊದಿಸಿ, ಪಾರ್ಲರಿನ ಮೂಲೆಗೆ ಹಾಕಿದಳು. ಸುಲ್ಮಾ ಡಾಕ್ಟರಾಗುವ ತನಕ ಖಾಲಿ ಬಿಡುವುದೇಕೆಂದು ಗಿರಾಕಿಗಳು ಬಣ್ಣ ಒಣಗುವುದಕ್ಕೆ ಅದರ ಮೇಲೆ ಮಲಗುತ್ತಿದ್ದರು. ಮಲಗಿದ ತಕ್ಷಣ ಅವರಿಗೆ ಅಮ್ಮನ ನೆನಪು ಬರುತ್ತಿತ್ತು.

ಮಗಳು ಎಂಜಿನಿಯರ್ ಆಗಲಿ ಎನ್ನುವ ಅತೀಲಿಯೊನ ಆಸೆಗೆ ಕಾರಣ ಎಂಜಿನಿಯರ್ ಲಾರ್ರಾಲ್ದೆ. ನಮ್ಮಲ್ಲಿ ಲಿಫ್ಟು ನೋಡಿಕೊಳ್ಳುವುದು ಮೇಸ್ತ್ರಿಯೇ ಆದರೂ ಎಲ್ಲ ಸರಿಯಿದೆ ಎಂದು ಸಹಿ ಹಾಕಲು ಒಬ್ಬ ಎಂಜಿನಿಯರ್ ಬೇಕು. ಲಾರ್ರಾಲ್ದೆ ಬರುತ್ತಿದ್ದ, ಕಟ್ಟಡದ ಬಾಗಿಲಲ್ಲೇ ನಿಂತು ಸಹಿ ಹಾಕುತ್ತಿದ್ದ, ಕಾರು ಹತ್ತಿ ಹೋಗುತ್ತಿದ್ದ. ಯಂತ್ರದ ಕೋಣೆಗೆ ಮೆಟ್ಟಿಲು ಎಲ್ಲಿದೆ ಎಂದೂ ಅವನಿಗೆ ತಿಳಿಯದು. ಅತೀಲಿಯೊನ ಹೆಸರನ್ನು ಅವನು ಒಂದು ಸಲವೂ ಸರಿಯಾಗಿ ಹೇಳಿರಲಿಲ್ಲ.

ಭಾನುವಾರ ಮಧ್ಯಾಹ್ನ ರವಿಯೋಲಿ ಕಡುಬಿನ ತಟ್ಟೆಗಳ ಮೇಲೆ ಯುದ್ಧ ಶುರುವಾಗುತ್ತಿತ್ತು.

"ಕೂತ್ಕೊಂಡು ಮಾಡೋ ಕೆಲಸ ಕಣೋ ಅದು," ಎನ್ನುತ್ತಿದ್ದಳು ನೆಲಿದಾ. "ನಿನ್ ಮೊಣಕಾಲು ನೋಡ್ಕೋ. ಅವಳ ಮೊಣಕಾಲೂ ಹಾಗೇ ಆಗ್ಬೇಕಾ?"

"ಸಹಿ ಹಾಕೋ ಕೈಗೆ ಮೊಣಕಾಲು ಯಾಕೆ?"

"ಮೊನ್ನೆ ನಾನೂ ಅದನ್ನೇ ಕೇಳಿದ್ದೆ, ನೀನು ರೇಡಿಯೊ ಹಾಕ್ದೆ. ಅವಳ ಹತ್ರ ಜನ ಬಾಯಿಬಿಡ್ತಾರೆ ಅತೀಲಿಯೊ. ಮೂರನೇ ಮನೆ ಬೆರ್ತಾ ಇಪ್ಪತ್ತು ವರ್ಷದಿಂದ ನನ್ಹತ್ರ ತಲೆ ಕೊಡ್ತಾಳೆ, ಅವಳ ಅಕ್ಕನ ಜೊತೆ ಯಾಕೆ ಜಗಳ ಅಂತ ನಂಗೇ ಗೊತ್ತಿಲ್ಲ. ಇವಳಿಗೆ ಗೊತ್ತು."

"ಹೌದೇನೇ?" ಎಂದು ಅಪ್ಪ ಮಗಳ ಕಡೆ ತಿರುಗಿದರೆ, ಸುಲ್ಮಾ "ಸಾಸ್ ಕೊಡು" ಎನ್ನುತ್ತಿದ್ದಳು.

ಶಾಲೆಯಲ್ಲಿ ಮಕ್ಕಳಿಗೆ ಮುಂದೇನು ಓದಬೇಕೆಂದು ದಾರಿ ತೋರಿಸುವ ಹೆಂಗಸೊಬ್ಬಳು ಇದ್ದಳು. ಒಂದು ಮನೆ ಬರೆ ಎಂದಳು. ಸುಲ್ಮಾ ಒಂಬತ್ತು ಮಹಡಿಯ ಮನೆ ಬರೆದು, ಒಳಗೆ ಲಿಫ್ಟು, ಹಗ್ಗ, ಹಗ್ಗದ ಆ ತುದಿಗೆ ತೂಗುವ ಭಾರದ ಕಬ್ಬಿಣ ಎಲ್ಲ ಬರೆದಳು. "ಲಿಫ್ಟಲ್ಲಿ ಯಾರಮ್ಮಾ ಇರೋದು?" ಎಂದು ಆಕೆ ಮೆತ್ತಗೆ ಕೇಳಿದಳು. "ಯಾರೂ ಇಲ್ಲ, ಖಾಲಿ ಓಡಿಸಿ ನೋಡ್ತಿದೀವಿ," ಎಂದಳು ಸುಲ್ಮಾ. ಹುಡುಗಿಯ ಮನಸ್ಸೇ ಖಾಲಿ ಎಂದು ತಿಳಿದು ಆ ಹೆಂಗಸಿನ ಕಣ್ಣಲ್ಲಿ ನೀರೇ ಬಂತು. ಕೊನೆಗೆ ಆಕೆ ಎಂಜಿನಿಯರಿಂಗೂ ಆಗಬಹುದು, ಮನಶ್ಶಾಸ್ತ್ರವೂ ಆಗಬಹುದು ಎಂದು ಹೇಳಿ ಕಳಿಸಿದಳು. ಇಷ್ಟನ್ನು ಹೇಳಲು ಮಾಂಸದಂಗಡಿಯವನೇ ಸಾಕಿತ್ತು.

ಸುಲ್ಮಾಳನ್ನು ಕೊರೆಯುತ್ತಿದ್ದದ್ದು ಓದಿನ ಚಿಂತೆ ಒಂದೇ ಅಲ್ಲ. ಅಮ್ಮ ಸೋತರೆ ಎರಡು ದಿನ ಕೂಗಾಡಿ ಮೂರನೆಯ ದಿನ ದಿವಾನಕ್ಕೆ ಬೇರೆ ಬಟ್ಟೆ ಹೊದಿಸುತ್ತಾಳೆ. ಅಪ್ಪನದು ಹಾಗಲ್ಲ. ಅಪ್ಪನ ಒಳಗೆ ಏನಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಸಂಜೆಯ ಹೊತ್ತು ಒಂದೇ ವ್ಯಾನಿನಲ್ಲಿ ಊರೆಲ್ಲ ಸುತ್ತಿದ್ದರೂ ಅವರಿಬ್ಬರ ನಡುವೆ ಮಾತೆಂದರೆ "ಸ್ಟೂಲು ತಗೊಂಡ್ಯಾ?", "ಹೂಂ", ಅಷ್ಟೆ. ಉಳಿದದ್ದೆಲ್ಲ ರೇಡಿಯೊದ ಫುಟ್‌ಬಾಲು. ಊರವರ ಗುಟ್ಟೆಲ್ಲ ಅವಳ ಸ್ಟೂಲಿನ ಮುಂದೆ ಬಂದು ಬೀಳುತ್ತಿತ್ತು, ಮನೆಯ ಈ ಒಬ್ಬ ಮನುಷ್ಯನ ಬಾಯಿಂದ ಒಂದು ಮಾತು ಹೊರಡಿಸುವುದು ಅವಳ ಕೈಲಿ ಆಗಿರಲಿಲ್ಲ. ಯಾವುದನ್ನು ಆರಿಸಿದರೂ ಅಪ್ಪ "ಆಗ್ಲಿ" ಎನ್ನುತ್ತಾನೆ, ಆ ಆಗಲಿಯ ಅರ್ಥ ಸಾಯುವ ತನಕ ತನಗೆ ತಿಳಿಯುವುದಿಲ್ಲ ಎಂದು ಅವಳಿಗೆ ಭಯವಾಗುತ್ತಿತ್ತು.

ಬೇಸಿಗೆ ಬಂತು. ಫೆಬ್ರವರಿಯಲ್ಲಿ ಊರಿನ ಮನಸ್ಸಿನ ಡಾಕ್ಟರುಗಳೆಲ್ಲ ಒಟ್ಟಿಗೆ ಸಮುದ್ರತೀರಕ್ಕೆ ಹೋಗಿಬಿಡುತ್ತಾರೆ. ಆ ತಿಂಗಳು ನಮ್ಮಲ್ಲಿ ಯಾರೂ ಮದುವೆ ಮುರಿಯುವುದಿಲ್ಲ, ಮನೆ ಮಾರುವುದಿಲ್ಲ, ಗಟ್ಟಿಯಾಗಿ ಏನನ್ನೂ ತೀರ್ಮಾನಿಸುವುದಿಲ್ಲ. ನೆಲಿದಾ ಕೂಡ, "ನಮ್ಮ ಡಾಕ್ಟ್ರು ಬರ್ಲಿ, ಕೇಳಿ ನೋಡೋಣ," ಎಂದು ಕದನವಿರಾಮ ಸಾರಿದಳು. ಮಾರ್ಚಿನ ಮೊದಲ ಸೋಮವಾರ ಡಾಕ್ಟರುಗಳು ಸಮುದ್ರದ ಬಿಸಿಲಿಗೆ ಮೈ ಕಪ್ಪಾಗಿ ವಾಪಸ್ಸು ಬಂದರು. ವಿಶ್ವವಿದ್ಯಾಲಯದಲ್ಲಿ ಹೆಸರು ಬರೆಸಲು ಮಂಗಳವಾರವೇ ಕೊನೆ ಎಂದು ಆ ಸಲ ಗೊತ್ತುಮಾಡಿದ್ದರು.

ಆ ಸೋಮವಾರ ಮಧ್ಯಾಹ್ನ ಪಾಲೆರ್ಮೊ ಬಡಾವಣೆಯ ಒಂದು ಕಟ್ಟಡದಿಂದ ಅತೀಲಿಯೊಗೆ ಫೋನು ಬಂತು. ಆ ಕಟ್ಟಡದಲ್ಲಿ ಮಹಡಿಗೆ ಇಬ್ಬಿಬ್ಬರಂತೆ ಮನಸ್ಸಿನ ಡಾಕ್ಟರುಗಳೇ. ಒಂದು ತಿಂಗಳ ದುಃಖವನ್ನೆಲ್ಲ ಗಂಟುಕಟ್ಟಿಕೊಂಡು ಬಂದ ಜನ ಬೆಳಗಿನಿಂದ ಲಿಫ್ಟಿನಲ್ಲಿ ತುಂಬಿ ತುಂಬಿ ಹತ್ತಿ ಇಳಿದು, ಅದು ಏದುಸಿರು ಬಿಡುತ್ತಿತ್ತು. ಅತೀಲಿಯೊ ಬಂದು ನೋಡಿ, ಸಡಿಲವಾದದ್ದನ್ನು ಬಿಗಿ ಮಾಡಿ, ಕೆಳಗೆ ಬಾಗಿಲು ತೆರೆದು ನಿಂತ. ಅಲ್ಲಿ ಡಾಕ್ಟರ್ ದೊಬ್ರಿನ್ಸ್ಕಿ ಕಾಯುತ್ತಿದ್ದರು.

ದೊಬ್ರಿನ್ಸ್ಕಿ ಏಳನೆಯ ಮಹಡಿಯವರು. ದಪ್ಪ ಕನ್ನಡಕ, ಒಳ್ಳೆಯ ಮನುಷ್ಯ. ಭಯ ಎನ್ನುವ ವಿಷಯದಲ್ಲಿ ದೊಡ್ಡ ಹೆಸರು. ಆದರೆ ಅವರು ಇಪ್ಪತ್ತು ವರ್ಷದಿಂದ ಏಳು ಮಹಡಿಯನ್ನೂ ಮೆಟ್ಟಿಲ ಮೇಲೇ ಹತ್ತುತ್ತಿದ್ದರು. ವ್ಯಾಯಾಮ ಎಂದು ಎಲ್ಲರಿಗೂ ಹೇಳಿದ್ದರು. ಆ ಬೇಸಿಗೆ ಸಮುದ್ರದಲ್ಲಿ ಅಲೆಯೊಂದು ಅವರ ಕಾಲು ಉಳುಕಿಸಿತ್ತು.

"ಮೇಸ್ತ್ರಿ," ಎಂದರು ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿ. "ನೀವೂ ಜೊತೇಲಿ ಬರ್ತೀರಾ?"

"ಸರಿಯಾಗಿದೆ ಡಾಕ್ಟ್ರೆ. ಈಗ್ತಾನೆ ನೋಡಿದೀನಿ."

"ಸರಿಯಾಗಿದೆ ಅಂತ ನಂಗೂ ಗೊತ್ತು. ಗೊತ್ತಿರೋದಕ್ಕೂ ಭಯಕ್ಕೂ ಸಂಬಂಧ ಇಲ್ಲ, ನಾನೇ ದಿನಾ ಜನಕ್ಕೆ ಹೇಳ್ತೀನಿ. ಬನ್ನಿ."

ಅತೀಲಿಯೊ ಒಳಗೆ ಹೋದ. ಸುಲ್ಮಾ ಸ್ಟೂಲು ಬಗಲಿಗೆ ಇಟ್ಟುಕೊಂಡು, ಒಂದೊಂದು ಮಹಡಿಯ ಬಾಗಿಲೂ ಸರಿಯಾಗಿ ಹಾಕಿದೆಯೇ ನೋಡುತ್ತ ಪಕ್ಕದ ಮೆಟ್ಟಿಲ ಮೇಲೆ ಹತ್ತಿದಳು. ನಾಲ್ಕನೆಯ ಮಹಡಿ ದಾಟಿ ಲಿಫ್ಟು ಇನ್ನರ್ಧ ಮಹಡಿ ಏರಿತ್ತು, ಅಷ್ಟರಲ್ಲಿ ಕರೆಂಟು ಹೋಯಿತು. ಆ ಬೇಸಿಗೆ ಕರೆಂಟು ಹೋಗುವುದು ದಿನನಿತ್ಯದ ಮಾತು. ಬ್ರೇಕು ಕಚ್ಚಿ ಹಿಡಿಯಿತು, ಪಂಜರ ಅಲುಗದೆ ನಿಂತಿತು.

"ಸುಲ್ಮಾ, ಮಾತಾಡಿಸ್ತಿರು," ಎಂದ ಅತೀಲಿಯೊ ಅಭ್ಯಾಸಬಲದಿಂದ.

"ಮೇಲೆ ಯಾರಿದಾರೆ ಮೇಸ್ತ್ರಿ?" ಎಂದು ದೊಬ್ರಿನ್ಸ್ಕಿ ಕೇಳಿದರು.

"ಯಾರೂ ಇಲ್ಲ."

ಹೇಳಬಾರದಾಗಿತ್ತು. ದೊಬ್ರಿನ್ಸ್ಕಿಯ ಬಾಯಿ ನಿಂತು ಕೈ ಮಡಚುವ ಬಾಗಿಲ ಕಡೆ ಹೋದದ್ದನ್ನು ಸುಲ್ಮಾ ಜಾಲರಿಯ ಆಚೆಯಿಂದ ಕಂಡಳು. ಸ್ಟೂಲು ಹಾಕಿ ಕೂತರೆ ಮೇಲೆ ಚಕ್ರ ತಿರುಗಿಸುವವರಿಲ್ಲ. ಮೇಲೆ ಹೋದರೆ ಇಲ್ಲಿ ಮಾತಾಡಿಸುವವರಿಲ್ಲ. ಭಾನುವಾರಗಳಲ್ಲಿ ಬಗೆಹರಿಯದ ಜಗಳ ಮೆಟ್ಟಿಲ ಮೇಲೆ ಬಂದು ಅವಳ ಎದುರಿಗೇ ನಿಂತಿತ್ತು. ಅದರ ಮೇಲೆ ಅವಳು ಇದುವರೆಗೆ ಚಕ್ರ ಮುಟ್ಟಿದವಳೂ ಅಲ್ಲ. ಎಂಜಿನಿಯರ್ ಆಗುವವಳ ಕೈಗೆ ಗ್ರೀಸು ತಾಗಬಾರದು ಎಂದು ಅಪ್ಪ ಅವಳನ್ನು ಯಂತ್ರದ ಕೋಣೆಯ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ.

"ನೀನು ಮೇಲೆ ಹೋಗು," ಎಂದ ಅತೀಲಿಯೊ. "ಮೊದ್ಲು ಏನು?"

"ಸ್ವಿಚ್ಚು. ಆಮೇಲೆ ಬ್ರೇಕು. ಆಮೇಲೆ ಚಕ್ರ. ಐದು ಗೆರೆ ಬಂದ ತಕ್ಷಣ ಹಿಡಿ ಬಿಡ್ಬೇಕು, ಬ್ರೇಕು ಕಚ್ಕೊಳ್ಳುತ್ತೆ."

"ಹೋಗು. ಇಲ್ಲಿ ನಾನು ಮಾತಾಡ್ತೀನಿ."

"ಅಪ್ಪ, ನೀನಾ?"

"ಹೋಗೇ ಅಂದ್ರೆ."

ಅವಳು ಸ್ಟೂಲನ್ನು ಅಲ್ಲೇ ಬಿಟ್ಟು ಓಡಿದಳು. ತಾರಸಿಯ ಮೇಲೆ ಬಿಸಿಲಿಗೆ ತಾರು ಕರಗುತ್ತಿತ್ತು. ಯಂತ್ರದ ಕೋಣೆಯಲ್ಲಿ ಎಣ್ಣೆಯ ವಾಸನೆ, ಕಿಟಕಿಯಲ್ಲಿ ಎರಡು ಪಾರಿವಾಳ. ನೆಲದಲ್ಲಿ ಹಗ್ಗಗಳು ಇಳಿದು ಹೋಗುವ ತೂತು, ಅದರ ಪಕ್ಕದಲ್ಲೇ ಮಗುಚಿಟ್ಟ ಸೋಡಾ ಬಾಟಲಿಯ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅಮ್ಮ ಕಳೆದುಹೋಯಿತೆಂದು ವರ್ಷದಿಂದ ಹುಡುಕುತ್ತಿದ್ದ ಹೂವಿನ ದಿಂಬು. ಚಕ್ರ ತಿರುಗಿಸುವವನು ನಿಂತೇ ತಿರುಗಿಸಬೇಕು, ಕೂರಲು ಇಲ್ಲಿ ಯಾರಿದ್ದಾರೆ ಎಂದು ಅವಳಿಗೆ ಹೊಳೆಯಲಿಲ್ಲ. ಹೊಳೆಯಿಸಿಕೊಳ್ಳಲು ಪುರುಸೊತ್ತೂ ಇರಲಿಲ್ಲ. ಸ್ವಿಚ್ಚು ಎಳೆದಳು, ಹಿಡಿ ಒತ್ತಿದಳು, ಚಕ್ರಕ್ಕೆ ಕೈ ಹಾಕಿದಳು. ಚಕ್ರ ಅವಳು ಹೆದರಿದ್ದಕ್ಕಿಂತ ಹಗುರವಾಗಿ ತಿರುಗಿತು. ಕೆಳಗಿನಿಂದ ಹಗ್ಗದ ತೂತಿನಲ್ಲಿ ಅಪ್ಪನ ದನಿ ಪಕ್ಕದಲ್ಲೇ ಕೂತಷ್ಟು ಸ್ಪಷ್ಟವಾಗಿ ಕೇಳಿಸಿತು.

"ಈ ಮೋಟರು ಇಟಲಿದು ಡಾಕ್ಟ್ರೆ."

"ಹೂಂ."

"ಗ್ರೀಸು ಮಾತ್ರ ನಮ್ಮೂರಿಂದೇ."

"ಹೂಂ."

ಅಲ್ಲಿಗೆ ಅತೀಲಿಯೊನ ಮಾತಿನ ಖಜಾನೆ ಬರಿದಾಯಿತು. ಸುಲ್ಮಾ ಮೇಲೆ ಹಲ್ಲು ಕಚ್ಚಿ ತಿರುಗಿಸಿದಳು. ಸುಮ್ಮನಿರಬೇಡ ಅಪ್ಪ, ಸುಮ್ಮನಿರಬೇಡ ಎಂದು ಅವಳ ಜೀವ ಒದ್ದಾಡಿತು. ಆಗ ದೊಬ್ರಿನ್ಸ್ಕಿ, ಹೆದರಿಕೆಯಲ್ಲಿ ನಡುಗುತ್ತಿದ್ದರೂ, ಬದುಕಿಡೀ ಮಾಡಿದ ಕಸುಬನ್ನು ನಾಲಿಗೆ ಬಿಡಬೇಕಲ್ಲ, ಕೇಳಿಯೇಬಿಟ್ಟರು:

"ಆಮೇಲೆ?"

ಅಪ್ಪ ಮಾತಾಡಿದ.

"ಹೀಗೇ ಕೇಳ್ತಾಳೆ ನಮ್ಮ ಹುಡುಗೀನೂ. ಹೂಂ, ಆಮೇಲೆ ಅಂತ. ನೀವು ಅಂದದ್ದು ಕೇಳಿ ಅವಳೇ ಕೂತಂಗಾಯ್ತು. ಡಾಕ್ಟ್ರೆ, ನಿಮ್ಗೊಂದು ವಿಷಯ ಹೇಳ್ತೀನಿ, ಯಾರಿಗೂ ಹೇಳ್ಬೇಡಿ. ಎಲ್ರೂ ನನ್ನ ಆಮೆ ಅಂತಾರೆ. ಲಿಫ್ಟು ಇಳ್ಸೋಕೆ ನಂಗೆ ಅಷ್ಟು ಹೊತ್ತು ಬೇಡ. ಮೇಲೆ ತೂತಲ್ಲಿ ಎಲ್ಲಾ ಕೇಳ್ಸುತ್ತೆ. ಅವಳು ಕೆಳಗೆ ಕೂತು ಮಾತಾಡ್ಸೋದು ಕೇಳ್ಸುತ್ತೆ. ಮನೇಲಿ ನನ್ ಜೊತೆ ಮಾತಾಡಲ್ಲ ಅವಳು. ನಂಗೂ ಬರಲ್ಲ. ಅದಕ್ಕೇ ನಾಲ್ಕು ಸುತ್ತು ತಿರುಗಿಸ್ತೀನಿ, ನಿಲ್ಲಿಸ್ತೀನಿ, ಪೆಟ್ಟಿಗೆ ಮೇಲೆ ಕೂತ್ಕೊಂಡು ಕೇಳ್ತೀನಿ. ಒಳಗಿರೋರು ಪಾಪ ಬೆವರ್ತಿರ್ತಾರೆ."

ಸುಲ್ಮಾ ಹೂವಿನ ದಿಂಬನ್ನು ನೋಡಿದಳು. ಚಕ್ರ ತಿರುಗುತ್ತಲೇ ಇತ್ತು.

"ಹೂಂ," ಎಂದರು ದೊಬ್ರಿನ್ಸ್ಕಿ. ಅವರ ದನಿಯಲ್ಲಿ ನಡುಕ ಕಡಿಮೆಯಾಗಿತ್ತು. "ಆಮೇಲೆ?"

"ಅವಳು ಅವರ ಮಾತು ಕೇಳ್ತಾ ಇಲ್ಲ ಅಂತಾನೂ ಗೊತ್ತು ನಂಗೆ. ಮೋಟರ್ ಕೇಳ್ತಿರ್ತಾಳೆ ಕಳ್ಳಿ. ನಾನು ಚಕ್ರ ಉಲ್ಟಾ ತಿರುಗಿಸಿದ್ರೆ ಅವಳ ಹೂಂ ಒಂದು ಗಳಿಗೆ ತಡ ಆಗುತ್ತೆ. ನಾನು ಬೇಕು ಅಂತ್ಲೇ ಉಲ್ಟಾ ತಿರುಗಿಸ್ತೀನಿ ಒಂದೊಂದ್ಸಲ."

ಅಷ್ಟರಲ್ಲಿ ಹಗ್ಗದ ಮೇಲೆ ಐದು ಬಿಳಿಗೆರೆಗಳು ಮೇಲೇರಿ ಬಂದವು. ಸ್ಪಷ್ಟವಾಗಿ, ಸೀಮೆಸುಣ್ಣದಲ್ಲಿ ಈಗಷ್ಟೇ ಎಳೆದಂತೆ. ಬ್ರೇಕಿನ ಹಿಡಿ ಬಿಟ್ಟರೆ ಮುಗಿಯಿತು: ಲಿಫ್ಟು ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ, ಅಪ್ಪ ಹೊರಗೆ ಬಂದು ಟೋಪಿ ಸರಿಮಾಡಿಕೊಂಡು ಮತ್ತೆ ರೇಡಿಯೊದ ಫುಟ್‌ಬಾಲಿನ ಮನುಷ್ಯನಾಗುತ್ತಾನೆ. ಸುಲ್ಮಾ ಹಿಡಿ ಬಿಡಲಿಲ್ಲ. ಗೆರೆಗಳು ಅವಳ ಕಣ್ಣೆದುರಿಗೇ ಹಾದು ಮೇಲಕ್ಕೆ ಹೋದವು.

"ಐದು ದಾಟ್ತು," ಎಂದಿತು ಕೆಳಗಿನಿಂದ ಅಪ್ಪನ ದನಿ.

ಅವಳು ಉಸಿರು ಬಿಗಿಹಿಡಿದಳು. ಕೈ ಮಾತ್ರ ತಿರುಗಿಸುತ್ತಿತ್ತು. ಜಾಲರಿಯ ಆಚೆ ಐದನೆಯ ಮಹಡಿಯ ಬಾಗಿಲು ಕಾಲಕೆಳಗೆ ಇಳಿದುಹೋಗುವುದನ್ನು ಅಪ್ಪ ನೋಡುತ್ತಿರಬೇಕು. ಮೂವತ್ತು ವರ್ಷದಿಂದ ಒಂದು ಬೆರಳಷ್ಟೂ ಮಹಡಿ ತಪ್ಪಿಸದ ಮೇಸ್ತ್ರಿ. ಗೆರೆ ಕಾಣದಷ್ಟು ಕುರುಡಿಯಲ್ಲ ಮಗಳು ಎಂದು ಅವನಿಗೆ ಗೊತ್ತು, ತೂತಿನಲ್ಲಿ ಎಲ್ಲ ಕೇಳುತ್ತದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

"ಏನಾಯ್ತು ಮೇಸ್ತ್ರಿ?"

"ಏನಿಲ್ಲ. ಹೊಸ ಕೈ," ಎಂದ ಅತೀಲಿಯೊ. ಆಮೇಲೆ ಸ್ವಲ್ಪ ಗಟ್ಟಿಯಾಗಿ ಮುಂದುವರಿಸಿದ. "ನಾಳೆ ಅವಳು ಹೆಸರು ಬರೆಸ್ಬೇಕು. ನಾನು ಎಂಜಿನಿಯರ್ ಆಗು ಅಂತೀನಿ. ಬಾಯಲ್ಲಿ ಅಂತೀನಿ ಅಷ್ಟೆ. ಎಂಜಿನಿಯರ್ ಆದ್ರೆ ಲಾರ್ರಾಲ್ದೆ ತರ ಕೆಳಗೇ ನಿಂತು ಸಹಿ ಹಾಕಿ ಹೋಗ್ತಾಳೆ, ನಾನು ಮೇಲಿದೀನಿ ಅಂತ ನೆನಪೂ ಇರಲ್ಲ. ಮನಶ್ಶಾಸ್ತ್ರ ಓದಿದ್ರೆ ನಿಮ್ಮ ತರ ಕೋಣೆ ಬಾಗಿಲು ಹಾಕ್ಕೊಂಡು ಕೇಳ್ತಾಳೆ, ನಂಗೆ ಅವಳ ದನಿ ಕೇಳ್ಸಲ್ಲ. ಯಾವುದಾದ್ರೂ ಓದ್ಲಿ. ಸಂಜೆ ಹೊತ್ತು ನನ್ ಜೊತೆ ವ್ಯಾನಲ್ಲಿ ಬರೋದು ನಿಂತುಹೋಗುತ್ತಲ್ಲ, ನಂಗೆ ಅದೊಂದೇ ಡಾಕ್ಟ್ರೆ."

ಆರು ಗೆರೆಗಳೂ ಬಂದು ಹೋದವು. ಸುಲ್ಮಾಳ ತೋಳು ಉರಿಯುತ್ತಿತ್ತು, ಕಣ್ಣೀರು ಮೂಗಿನ ತುದಿಯಿಂದ ಯಂತ್ರದ ಮೇಲೆ ತೊಟ್ಟಿಕ್ಕುತ್ತಿತ್ತು. ಇಷ್ಟು ವರ್ಷ ಸ್ಟೂಲಿನ ಮೇಲೆ ಕೂತು ಒಬ್ಬರ ಮಾತನ್ನೂ ನೆಟ್ಟಗೆ ಕೇಳದವಳು ಈಗ ಎರಡೂ ಕೈಗೆ ಕೆಲಸವಿದ್ದಾಗ ಅಕ್ಷರವೂ ಬಿಡದೆ ಕೇಳಿದ್ದಳು. ಕೇಳುವುದಕ್ಕೆ ಒಳ್ಳೆಯ ಜಾಗ ಇದೇ ಎಂದು ಅವಳಿಗೆ ಅನ್ನಿಸಿತು, ಅಪ್ಪ ಅದನ್ನು ತನಗಿಂತ ಮೊದಲೇ ಹುಡುಕಿಕೊಂಡಿದ್ದ. ಏಳು ಗೆರೆ ಬಂದಾಗ ಅವಳು ಬ್ರೇಕಿನ ಹಿಡಿ ಬಿಟ್ಟಳು.

ಕೆಳಗಿಳಿದು ಏಳನೆಯ ಮಹಡಿಗೆ ಬಂದರೆ ಇಬ್ಬರೂ ಹೊರಗೆ ನಿಂತಿದ್ದರು. ದೊಬ್ರಿನ್ಸ್ಕಿಯ ಅಂಗಿ ಒದ್ದೆಯಾಗಿತ್ತು, ಮುಖ ಮಾತ್ರ ಮದುವೆಮನೆಯಿಂದ ಬಂದವರಂತಿತ್ತು. ತಾವು ಲಿಫ್ಟಿನೊಳಗೆ ಇದ್ದದ್ದು ಅರ್ಧ ದಾರಿಯಿಂದ ಅವರಿಗೆ ಮರೆತೇಹೋಗಿತ್ತಂತೆ. ಅವರು ಗಡಿಯಾರ ನೋಡಿಕೊಂಡು ಅತೀಲಿಯೊನ ಭುಜ ತಟ್ಟಿದರು.

"ಇವತ್ತಿಗೆ ಇಲ್ಲಿಗೆ ನಿಲ್ಸೋಣ ಮೇಸ್ತ್ರಿ. ಮುಂದಿನ ಸೋಮವಾರ ಇದೇ ಹೊತ್ತಿಗೆ?"

"ಲಿಫ್ಟು ಕೆಟ್ರೆ ಬರ್ತೀನಿ ಡಾಕ್ಟ್ರೆ."

ವ್ಯಾನಿನಲ್ಲಿ ಕೂತ ಮೇಲೆ ಅತೀಲಿಯೊ ಕೀಲಿ ತಿರುಗಿಸಲಿಲ್ಲ. ರೇಡಿಯೊವನ್ನೂ ಹಾಕಲಿಲ್ಲ. ಮಗಳ ಕೈಯ ಗ್ರೀಸನ್ನು ನೋಡಿ, ಚಿಂದಿಬಟ್ಟೆ ಕೊಟ್ಟ.

"ಐದನೇ ಮಹಡಿ ಯಾಕೆ ದಾಟಿಸ್ದೆ?"

"ಡಾಕ್ಟ್ರ ಮನೆ ಏಳನೇದಲ್ವಾ. ಕಾಲು ಉಳುಕಿತ್ತು ಪಾಪ. ಬಾಗಿಲವರೆಗೂ ಬಿಟ್ಟೆ."

ಅತೀಲಿಯೊನ ಕಿವಿ ಕೆಂಪಗಾಗಿತ್ತು.

"ಹೂಂ," ಎಂದ. "ಆಮೇಲೆ?"

ಆ ದಿನ ಅವರಿಬ್ಬರೂ ಮನೆಗೆ ಬಂದದ್ದು ಬಹಳ ತಡವಾಗಿ. ಮರುದಿನ ಬೆಳಿಗ್ಗೆ ಸುಲ್ಮಾ ಹೆಸರು ಬರೆಸಲು ಹೋದಾಗ ಮನಶ್ಶಾಸ್ತ್ರದ ಸಾಲು ರಸ್ತೆಯ ತಿರುವು ದಾಟಿ ಇನ್ನೊಂದು ರಸ್ತೆಗೆ ಹೊರಳಿತ್ತು. ಅವಳು ನೇರ ಎಂಜಿನಿಯರಿಂಗಿನ ಗಿಡ್ಡ ಸಾಲಿಗೆ ಹೋಗಿ ನಿಂತಳು. ಸುದ್ದಿ ಕೇಳಿ ನೆಲಿದಾ ಎಲ್ಲರೂ ಎಣಿಸಿದಂತೆ ಎರಡು ದಿನ ಕೂಗಾಡಿದಳು. ಹೂವಿನ ದಿಂಬು ವಾಪಸ್ಸು ಸಿಕ್ಕಿದ್ದರಿಂದ ಸ್ವಲ್ಪ ಕಡಿಮೆ ಕೂಗಾಡಿದಳು.

ಓದು ಮುಗಿಯಲು ಬಹಳ ವರ್ಷ ಹಿಡಿಯಿತು, ಏಕೆಂದರೆ ಅವಳು ಸಂಜೆಯ ಕೆಲಸ ಬಿಡಲಿಲ್ಲ. ಕೊನೆಯ ಪರೀಕ್ಷೆ ಪಾಸಾದ ದಿನ ಗೆಳೆಯರು ನಮ್ಮಲ್ಲಿ ಮಾಡುವಂತೆ ಅವಳ ತಲೆಯ ಮೇಲೆ ಡಜನ್‌ಗಟ್ಟಲೆ ಮೊಟ್ಟೆ ಒಡೆದು, ಹಿಟ್ಟು ಸುರಿದು, ಅಂಗಿ ಕತ್ತರಿಸಿ ಕಳಿಸಿದರು. ನೆಲಿದಾ ಪಾರ್ಲರಿನಲ್ಲಿ ಅವಳ ತಲೆ ತೊಳೆಯುತ್ತ, "ಮನಶ್ಶಾಸ್ತ್ರದ ಕಡೆ ಹೋಗಿದ್ರೆ ಇಷ್ಟು ಮೊಟ್ಟೆಗೆ ನಾಲ್ಕು ಡಾಕ್ಟ್ರು ಆಗ್ತಿದ್ರು," ಎಂದು ಗೊಣಗಿದಳು. ಗೊಣಗುತ್ತಲೇ ಅತ್ತಳು. ಲಾರ್ರಾಲ್ದೆಗೆ ಅತೀಲಿಯೊ ತಾನೇ ಫೋನು ಮಾಡಿ ಇನ್ನು ಬರಬೇಕಿಲ್ಲ ಎಂದ. ಆಗಲೂ ಅವನು ಇವನ ಹೆಸರು ತಪ್ಪಾಗಿ ಹೇಳಿದನಂತೆ.

ಅಷ್ಟರಲ್ಲಿ ಅತೀಲಿಯೊನ ಮೊಣಕಾಲು ನಿಜವಾಗಿಯೂ ಕೈಕೊಟ್ಟಿತ್ತು. ತಾರಸಿಗೆ ಹತ್ತುವುದು ಅವನಿಂದ ಆಗುತ್ತಿರಲಿಲ್ಲ. ಎಂಜಿನಿಯರ್ ಗಾಂದೊಲ್ಫೊ ಮೇಲೆ ಹತ್ತಿದರೆ, ಮಡಚುವ ಸ್ಟೂಲಿನ ಮೇಲೆ ಕೂರುವವನು ಅವನು. ಮೊದಮೊದಲು ಇಟಲಿಯ ಮೋಟರಿನ ಬಗ್ಗೆ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಬಾಯಿ ಪಳಗಿತು. ಈಗ ವೀಶಾ ಕ್ರೆಸ್ಪೊದಲ್ಲಿ ಲಿಫ್ಟಿನೊಳಗೆ ಸಿಕ್ಕಿಬಿದ್ದವರು ಮೇಸ್ತ್ರಿಯೇ ಬರಬೇಕು ಎನ್ನುತ್ತಾರೆ. ಮನೆಯಲ್ಲೊಬ್ಬ ಮನಸ್ಸಿನ ಡಾಕ್ಟರು ಬೇಕೆಂದಿದ್ದೆ, ದೇವರು ಕೊಟ್ಟ, ಆದರೆ ಕೊಡುವಾಗ ಆಳು ತಪ್ಪಿದ ಎಂದು ನೆಲಿದಾ ಗಿರಾಕಿಗಳ ಹತ್ತಿರ ಹೇಳಿಕೊಂಡು ನಗುತ್ತಾಳೆ. ಹಸಿರು ದಿವಾನದ ಮೇಲೆ ಮಧ್ಯಾಹ್ನ ಮಲಗುವವನೂ ಅವನೇ.

ಈಚೆಗೊಂದು ಸಂಜೆ ಬೆರ್ತಾಳೇ ಸಿಕ್ಕಿಬಿದ್ದಿದ್ದಳು, ಅಕ್ಕನ ಮನೆಗೆ ರಾಜಿಗೆ ಹೊರಟವಳು.

"ಏನೋ ಅತೀಲಿಯೊ ಇಷ್ಟು ಹೊತ್ತು?" ಎಂದಳು ಜಾಲರಿಯ ಒಳಗಿನಿಂದ. "ನಿನ್ ಮಗಳು ಮೇಲೆ ನಿದ್ದೆ ಹೋದ್ಲಾ? ನಿನಗಿಂತ ಆಮೆ ಕಣೋ ಅವಳು."

"ಮೇಲೆ ಎಂಜಿನಿಯರ್ ಇದಾಳೆ. ಅವಸರ ಮಾಡ್ಬೇಡ," ಎಂದ ಅತೀಲಿಯೊ. ಅವನು ಸ್ಟೂಲನ್ನು ಹಗ್ಗದ ಕಡೆಗೆ ಇನ್ನಷ್ಟು ಸರಿಸಿ, ಎದುರಿಗಿದ್ದ ಬೆರ್ತಾಳಿಗೆ ಬೇಕಾದ್ದಕ್ಕಿಂತ ಬಹಳ ಗಟ್ಟಿಯಾಗಿ, ತಲೆ ಮೇಲೆತ್ತಿ ಕೇಳಿದ: "ಹೂಂ, ಆಮೇಲೆ?"

ತಾರಸಿಯ ಮೇಲೆ ಚಕ್ರ ನಿಂತಿತು.